ಅಕ್ಕನ ಪ್ರಶ್ನೆಗೆ ಹನ್ನೊಂದು ಪುಟ

ಊರಿನ ಕಾರ್ಖಾನೆಗಳವರೆಲ್ಲ ಅವರನ್ನು ಒಂದೂವರೆ ಸಾಹೇಬರು ಎಂದೇ ಕರೆಯುತ್ತಿದ್ದರು. ಎದುರಿಗೆ ಸಾಹೇಬರು, ಬೆನ್ನ ಹಿಂದೆ ಬರೀ ಒಂದೂವರೆ. ಈ ಹೆಸರಿಗೂ ಅವರ ಎತ್ತರಕ್ಕೂ ಸಂಬಂಧವಿರಲಿಲ್ಲ. ಆಳು ಆರಡಿಗೆ ಎರಡೇ ಬೆರಳು ಕಮ್ಮಿ. ಅವರು ಬಾಯ್ಲರ್ ತನಿಖಾಧಿಕಾರಿ. ಲಾಂಡ್ರಿಯಿಂದ ಹಿಡಿದು ಕಾಗದದ ಗಿರಣಿಯವರೆಗೆ ಎಲ್ಲೆಲ್ಲಿ ನೀರು ಕುದಿಸಿ ಹಬೆ ಮಾಡುತ್ತಾರೋ ಅಲ್ಲೆಲ್ಲ ವರ್ಷಕ್ಕೊಮ್ಮೆ ಹೋಗಿ, ಬಾಯ್ಲರಿನ ಹೊಟ್ಟೆಗೆ ಗಂಟಲಮಟ್ಟ ತಣ್ಣೀರು ತುಂಬಿಸಿ, ಅದು ದಿನಾ ಹೊರುವ ಒತ್ತಡದ ಒಂದೂವರೆ ಪಟ್ಟು ಹಾಕಿಸಿ, ಅರ್ಧ ಗಂಟೆ ಕಾಯುವುದು ಅವರ ಕೆಲಸ. ಬೆಸುಗೆಯ ಗೆರೆಯಲ್ಲಿ ಎಲ್ಲಾದರೂ ಬೆವರಿನಷ್ಟು ನೀರು ಕಂಡರೂ ಸಹಿ ಇಲ್ಲ. ಕಾಣದಿದ್ದರೆ ಸಣ್ಣ ಸುತ್ತಿಗೆಯಿಂದ ಮೈಯೆಲ್ಲ ತಟ್ಟಿ, ಕಿವಿಗೊಟ್ಟು ಕೇಳಿ, ಆಮೇಲೂ ಒಂದು ಸಲ ಮೂಗು ಮುರಿದು, ಸಹಿ. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಅವರು ಸಹಿ ಹಾಕಿದ ಒಂದು ಬಾಯ್ಲರೂ ಸಿಡಿದಿರಲಿಲ್ಲ. ಈ ಮಾತನ್ನು ಅವರು ದಿನಕ್ಕೆ ಒಂದೇ ಸಲ ಹೇಳುತ್ತಿದ್ದರು. ಆದರೆ ದಿನಾ ಹೇಳುತ್ತಿದ್ದರು.

ಮದುವೆಯಾಗಿರಲಿಲ್ಲ. ನಾಲ್ಕು ಸಂಬಂಧ ಬಂದಿದ್ದವು. ಮೊದಲ ಮೂರಕ್ಕೂ ಇವನು ಒಂದೂವರೆ ಪಟ್ಟು ಒತ್ತಡ ಹಾಕಿ ನೋಡಿದ ಎಂದು ಅವರ ಅಕ್ಕ ನಗುತ್ತಿದ್ದಳು. ನಾಲ್ಕನೆಯವಳು ಇವರನ್ನೇ ತಟ್ಟಿ ನೋಡಿ, ಸದ್ದು ಸರಿಯಿಲ್ಲವೆಂದು ಹೊರಟುಹೋದಳಂತೆ.

ಅವರದು ಜರತುಷ್ಟ್ರನ ಧರ್ಮ. ಊರಿನಲ್ಲಿ ಆ ಮತದ ಮನೆಗಳು ಹನ್ನೊಂದೇ. ಅವುಗಳಲ್ಲೂ ನಾಲ್ಕು ಮನೆಗಳವರು ಇನ್ನು ಮೂರು ಮನೆಗಳವರ ಜೊತೆ ಮಾತು ಬಿಟ್ಟಿದ್ದರು. ಬೆಂಕಿಯೆಂದರೆ ಅವರಿಗೆ ದೇವರ ಮುಖ. ಸಾಹೇಬರು ಬಾಯಿಂದ ಊದಿ ದೀಪ ಆರಿಸಿದವರಲ್ಲ. ಎಂಜಲ ಉಸಿರು ಬೆಂಕಿಗೆ ತಾಗಬಾರದು. ಅಕ್ಕನ ಮಗಳ ಐದನೇ ಹುಟ್ಟುಹಬ್ಬದ ದಿನ ಮಗು ಕೇಕಿನ ಮೇಲಿನ ಮೇಣದಬತ್ತಿ ಊದಲು ಬಾಯಿ ಚೂಪು ಮಾಡಿದ್ದೇ ತಡ, ಇವರು ಅಡ್ಡ ಕೈಯಿಟ್ಟು, ತಾನಾಗಿ ಆರುವವರೆಗೆ ಎಲ್ಲರೂ ಕಾಯಬೇಕೆಂದು ತೀರ್ಪು ಕೊಟ್ಟಿದ್ದರು. ಎಲ್ಲರೂ ಕಾದರು. ಆಮೇಲೆ ಎಲ್ಲರೂ ಮೇಣ ತಿಂದರು.

ಇಷ್ಟಲ್ಲದೆ ಸಾಹೇಬರು ಗ್ರಂಥಕರ್ತರೂ ಹೌದು. ಗ್ರಂಥ ಇನ್ನೂ ಆಗಿರಲಿಲ್ಲ ಎಂಬುದೊಂದೇ ಕೊರತೆ. 'ತೂಕ ಮತ್ತು ಕೃಪೆ: ಎರಡು ಧರ್ಮಗಳ ಮುಕ್ತಿಮಾರ್ಗಗಳ ತೌಲನಿಕ ಪರಿಶೀಲನೆ' ಎಂಬ ಅದರ ಹೆಸರು ಹತ್ತೊಂಬತ್ತು ವರ್ಷಗಳ ಹಿಂದೆಯೇ ಸಿದ್ಧವಾಗಿತ್ತು. ಸಾಮಗ್ರಿಯೆಲ್ಲ ಮೂರು ಶೂ ಡಬ್ಬಿಗಳಲ್ಲಿ ಚೀಟಿಗಳಾಗಿ ಕುಳಿತಿತ್ತು. ಒಂದರ ಮೇಲೆ 'ತೂಕ', ಇನ್ನೊಂದರ ಮೇಲೆ 'ಕೃಪೆ', ಮೂರನೆಯದರ ಮೇಲೆ 'ಅನುಮಾನ'. ಮೂರನೆಯದು ಬೂಟಿನ ಡಬ್ಬಿ, ಮೊಣಕಾಲಿನವರೆಗೆ ಬರುವಂಥದ್ದು. ಬರೆದು ಮುಗಿದಿದ್ದು ಮುನ್ನುಡಿಯೊಂದೇ. ಅದರ ಕೊನೆಯಲ್ಲಿ ಕೃತಜ್ಞತೆ ಹೇಳಿಸಿಕೊಂಡಿದ್ದ ಒಂಬತ್ತು ಜನರಲ್ಲಿ ಆರು ಜನ ಈ ನಡುವೆ ತೀರಿಕೊಂಡಿದ್ದರಿಂದ ಸಾಹೇಬರು ಆಗಾಗ 'ಶ್ರೀ'ಯನ್ನು ಹೊಡೆದು 'ದಿವಂಗತ' ಎಂದು ತಿದ್ದಬೇಕಾಗುತ್ತಿತ್ತು. ಗ್ರಂಥದ ಕೆಲಸ ನಿಂತಿಲ್ಲ, ನಡೆಯುತ್ತಲೇ ಇದೆ ಎಂದು ಅವರು ಹೇಳುತ್ತಿದ್ದುದು ಈ ಮಟ್ಟಿಗೆ ನಿಜ.

ಈ ಗ್ರಂಥ ಹುಟ್ಟಿದ್ದೇ ಅಕ್ಕನಿಂದ. ಸಾಹೇಬರಿಗೆ ಆರು ವರ್ಷವಾಗಿದ್ದಾಗ, ತಂದೆ ಹೋದ ಹಿಂದೆಯೇ, ತಾಯಿಯೂ ಹೋದಳು. ಹತ್ತೊಂಬತ್ತರ ಅಕ್ಕ ತಮ್ಮನಿಗೆ ತಲೆ ಬಾಚಿದಳು, ಚಡ್ಡಿ ಹೊಲಿದಳು, ಮಗ್ಗಿ ಬಾಯಿಪಾಠ ಮಾಡಿಸಿದಳು. ಹೆಣ್ಣುಮಕ್ಕಳ ಅನಾಥಾಲಯವೊಂದರಲ್ಲಿ ಹೊಲಿಗೆ ಟೀಚರಾಗಿ ಸೇರಿ, ಆ ಸಂಬಳದಲ್ಲಿ ಅವರನ್ನು ಓದಿಸಿದಳು. ತಮ್ಮ ಒಂದು ದಡ ಮುಟ್ಟಿದ ಮೇಲೆ, ಮೂವತ್ತಮೂರರಲ್ಲಿ, ಆ ಅನಾಥಾಲಯದ ಬೆಂಚು ಮೇಜು ರಿಪೇರಿಗೆ ಬರುತ್ತಿದ್ದ ಬಡಗಿಯನ್ನು ಮದುವೆಯಾದಳು. ಬಡಗಿ ಕ್ರೈಸ್ತ. ಅಕ್ಕ ದೀಕ್ಷಾಸ್ನಾನ ಪಡೆದಳು. ನಂಬಿ ಪಡೆದಳೋ, ಮದುವೆಗೆ ಅದೊಂದು ಫಾರಂ ತುಂಬುವ ಕೆಲಸ ಎಂದುಕೊಂಡು ಪಡೆದಳೋ, ಅವಳಿಗೇ ಗೊತ್ತಿರಲಿಲ್ಲ. ಹನ್ನೊಂದು ಮನೆಗಳವರು, ತಮ್ಮತಮ್ಮಲ್ಲಿ ಮಾತು ಬಿಟ್ಟವರೂ ಸೇರಿ, ಒಟ್ಟಾಗಿ ಅವಳ ಜೊತೆ ಮಾತು ಬಿಟ್ಟರು. ಅಗ್ನಿಗೃಹದ ಬಾಗಿಲು ಅವಳಿಗೆ ಮುಚ್ಚಿತು. ಚರ್ಚಿನ ಬಾಗಿಲು ತೆರೆದೇ ಇತ್ತು; ಅವಳು ವಾರವಾರ ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತು ಬರುತ್ತಿದ್ದಳು. ಮನೆಯಲ್ಲಿ ಮಾತ್ರ ಅವಳೂ ಬಾಯಿಂದ ಊದಿ ದೀಪ ಆರಿಸುತ್ತಿರಲಿಲ್ಲ.

ಬಡಗಿ ಭಾವ ಹೋಗಿ ಎಂಟು ವರ್ಷವಾಗಿತ್ತು. ಈಗ ಎಪ್ಪತ್ತೊಂದರ ಅಕ್ಕ ಮಂಚ ಹಿಡಿದಿದ್ದಳು. ಪಿತ್ತಕೋಶದಲ್ಲಿ ಏನೋ ಬೆಳೆದು ಬೇರೆ ಕಡೆಗೂ ಹರಡಿತ್ತು. ಡಾಕ್ಟರು ತಿಂಗಳ ಲೆಕ್ಕ ಬಿಟ್ಟು ವಾರದ ಲೆಕ್ಕಕ್ಕೆ ಇಳಿದಿದ್ದರು. ಟೆಲಿಫೋನ್ ಆಫೀಸಿನಲ್ಲಿದ್ದ ಮಗಳು ರಜೆ ಹಾಕಿ ನೋಡಿಕೊಳ್ಳುತ್ತಿದ್ದಳು.

ಒಂದು ಮಂಗಳವಾರ ಬೆಳಿಗ್ಗೆ ಅಕ್ಕ ಮಗಳನ್ನು ಔಷಧಿ ಅಂಗಡಿಗೆ ಕಳಿಸಿ, ತಮ್ಮನನ್ನು ಮಂಚದ ಹತ್ತಿರ ಕುರ್ಚಿ ಎಳೆದುಕೊಳ್ಳಲು ಹೇಳಿದಳು. ಕಿಟಕಿಯ ಪಕ್ಕದಲ್ಲಿ ಅವಳ ಹಳೆಯ ಪೆಡಲು ಹೊಲಿಗೆ ಯಂತ್ರ, ಅದರ ಮೇಲೆ ಮಾತ್ರೆಗಳ ತಟ್ಟೆ, ನೀರಿನ ಲೋಟ, ಬೆರಳಿಗೆ ಹಾಕಿಕೊಳ್ಳುವ ಹಿತ್ತಾಳೆ ಟೋಪಿ. ಅವಳು ಹೇಳಿದ ಕಥೆಗೆ ಮೂವತ್ತೊಂದು ವರ್ಷ ವಯಸ್ಸಾಗಿತ್ತು. ಬಾಯಿ ಬಿಟ್ಟು ಹೇಳಿದ್ದು ಇದು ಎರಡನೇ ಸಲವಂತೆ.

ಅನಾಥಾಲಯದ ಹೊಲಿಗೆ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ಒಂದು ದೊಡ್ಡ ಕತ್ತರಿಯಿತ್ತು. ಒಂದು ದಿನ ಅದು ಕಾಣೆಯಾಯಿತು. ಹದಿನಾಲ್ಕು ವರ್ಷದ ಒಬ್ಬ ಹುಡುಗಿಯ ಮೇಲೆ ಅಕ್ಕನಿಗೆ ಅನುಮಾನ. ಮೇಲ್ವಿಚಾರಕಿಯ ಕೋಣೆಗೆ ಕರೆಸಿ ಕೇಳಿದಾಗ ಹುಡುಗಿ ಇಲ್ಲ ಎಂದಳು. ಮೇಲ್ವಿಚಾರಕಿ, ಅನುಮಾನದ ಮೇಲೆ ಏನೂ ಮಾಡಲಾಗುವುದಿಲ್ಲ, ಕಣ್ಣಾರೆ ಕಂಡವರಿದ್ದಾರೆಯೇ ಎಂದು ಕೇಳಿದಳು. ಅಕ್ಕನಿಗೆ ಏನನ್ನಿಸಿತೋ, ನಾನೇ ನೋಡಿದ್ದೇನೆ, ಲಂಗದೊಳಗೆ ಇಟ್ಟುಕೊಂಡು ಹೋದಳು ಎಂದುಬಿಟ್ಟಳು. ನೋಡಿರಲಿಲ್ಲ. ಎರಡು ದಿನದಲ್ಲಿ ಹುಡುಗಿಯನ್ನು ದೂರದ ನೂಲಿನ ಗಿರಣಿಯೊಂದಕ್ಕೆ ಕೆಲಸಕ್ಕೆ ಕಳಿಸಿದರು. ಮೂರು ತಿಂಗಳಾದ ಮೇಲೆ ಯಂತ್ರದ ಮೇಜಿನ ಡ್ರಾಯರು ಸಿಕ್ಕಿಹಾಕಿಕೊಂಡಿತೆಂದು ಪೂರ್ತಿ ಎಳೆದಾಗ, ಡ್ರಾಯರಿಗೂ ಹಿಂದಿನ ಹಲಗೆಗೂ ನಡುವೆ ಕತ್ತರಿ ಕೂತಿತ್ತು. ಅಕ್ಕ ಅದನ್ನು ಒರೆಸಿ ಉಳಿದ ಕತ್ತರಿಗಳ ಜೊತೆ ನೇತುಹಾಕಿದಳು. ಯಾರಿಗೂ ಹೇಳಲಿಲ್ಲ. ಗಿರಣಿಗೆ ಮಾತ್ರ ಒಂದು ಕಾಗದ ಬರೆದಳು. ಆ ಹುಡುಗಿ ಕೆಲಸ ಬಿಟ್ಟು ಹೋಗಿದ್ದಾಳೆ, ವಿಳಾಸ ಗೊತ್ತಿಲ್ಲ ಎಂದು ಉತ್ತರ ಬಂತು. ಅಷ್ಟೇ.

ಪಾದ್ರಿಯ ಹತ್ತಿರ ಹೋದ ತಿಂಗಳು ಹೇಳಿಕೊಂಡಳಂತೆ. ಅವರು ಕೈ ಹಿಡಿದು ಪ್ರಾರ್ಥಿಸಿ, ಆಯಿತಮ್ಮ, ಯೇಸು ತೊಳೆದುಬಿಟ್ಟ, ಇನ್ನು ಇಲ್ಲ ಅದು ಎಂದರಂತೆ.

"ಹತ್ತು ನಿಮಿಷಾನೂ ಹಿಡೀಲಿಲ್ಲ ಕಣೋ," ಅಕ್ಕ ಹೇಳಿದಳು. "ಮಕ್ಕಳು ಸೊಟ್ಟ ಹೊಲಿಗೆ ಹಾಕಿ, ಮೇಲೆ ಇಸ್ತ್ರಿ ಎಳ್ಕೊಂಡು ಬರ್ತಿದ್ವು, ಟೀಚರ್ ಸರಿಯಾಯ್ತು ಅಂತ. ನಾನು ಬಿಡ್ತಿದ್ನಾ? ಬಿಚ್ಚು, ಬಿಚ್ಚಿ ಮತ್ತೆ ಹೊಲಿ ಅಂತಿದ್ದೆ. ಇದನ್ನ ಹೇಗೆ ಬಿಚ್ಚಲಿ? ಅವಳೇ ಇಲ್ಲ."

ಅವಳು ಅಳತೊಡಗಿದಳು; ಸಾಹೇಬರು ನೀರಿನ ಲೋಟ ಎತ್ತಿಕೊಟ್ಟರು.

"ಅವರ ಮಾತು ನಂಬಕ್ಕಾಗ್ತಿಲ್ಲ. ಕಣ್ಣು ಮುಚ್ಚಿದ್ರೆ ಅಪ್ಪ ಹೇಳ್ತಿದ್ದ, ಸತ್ತ ಮೇಲೆ ದಾಟೋ ಆ ಸೇತುವೆ ಬರತ್ತೆ. ಒಳ್ಳೆಯವರಿಗೆ ರಸ್ತೆಯಷ್ಟು ಅಗಲ, ಸುಳ್ಳು ಹೇಳ್ದೋರಿಗೆ ಕತ್ತಿಯ ಅಂಚು. ನೀನು ಎರಡೂ ಓದಿದ್ದೀಯ, ಇಷ್ಟು ವರ್ಷ ಓದಿದ್ದೀಯ. ನನಗೆ ದಾರಿ ಇದೆಯಾ ಇಲ್ವಾ, ಅಷ್ಟು ಹೇಳು."

ಈಗ ಓದುಗರು ನ್ಯಾಯವಾಗಿ ನೋಡಬೇಕು. ಇನ್ನೊಬ್ಬ ತಮ್ಮನಾಗಿದ್ದರೆ, ಇದೆ ಅಕ್ಕ, ನೀನೇನು ಯೋಚನೆ ಮಾಡಬೇಡ ಎಂದು ಹಣೆ ಸವರಿ, ಹೊರಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದ. ಸಾಹೇಬರಿಗೂ ಆ ಮಾತು ಹಲ್ಲಿನ ಹಿಂದೆ ಬಂದು ನಿಂತಿತು. ಆದರೆ ಅವರ ಧರ್ಮದಲ್ಲಿ ಸುಳ್ಳಿಗಿಂತ ದೊಡ್ಡ ಪಾಪವಿಲ್ಲ. ಅವರ ಉದ್ಯೋಗದಲ್ಲಿ ನೋಡದೆ ಹಾಕಿದ ಸಹಿಗಿಂತ ದೊಡ್ಡ ಅಪರಾಧವಿಲ್ಲ. ಅಲ್ಲದೆ ಅಕ್ಕ ಈಗ ತಾನೇ ಅಳುತ್ತಿದ್ದುದು ಯಾವುದಕ್ಕೆ? ಕಾಣದ್ದನ್ನು ಕಂಡೆ ಎಂದದ್ದಕ್ಕೆ. ಆ ನೋವಿಗೆ ಕಾಣದ್ದನ್ನೇ ಕಂಡೆ ಎಂದು ಔಷಧಿ ಕೊಡುವುದೇ? ಹೀಗೆ ಯೋಚಿಸಿದ್ದರಲ್ಲಿ ತಪ್ಪಿರಲಿಲ್ಲ. ಜೊತೆಗೆ ಇನ್ನೊಂದು ಸಣ್ಣ ಭಾವನೆಯೂ ಅವರ ಎದೆಯಲ್ಲಿ ಮೆಲ್ಲಗೆ ತಲೆಯೆತ್ತಿತ್ತು: ಹತ್ತೊಂಬತ್ತು ವರ್ಷಗಳಲ್ಲಿ ಒಬ್ಬರು ಮೊದಲ ಸಲ ಅವರ ವಿಷಯದ ಬಗ್ಗೆ ಅವರನ್ನು ಪ್ರಶ್ನೆ ಕೇಳಿದ್ದರು.

"ಸರಿಯಾಗಿ ನೋಡಿ ಹೇಳ್ತೀನಿ ಅಕ್ಕ," ಎಂದರು. "ಬರೆದೇ ತರ್ತೀನಿ."

"ಬರೆಯೋದೇನಿದೆ," ಎಂದಳು ಅಕ್ಕ. ಅಷ್ಟರಲ್ಲಿ ಮಗಳು ಬಂದಳು.

ಸಾಹೇಬರು ರಜೆ ಹಾಕಿದರು. ಇಡೀ ಸರ್ವೀಸಿನಲ್ಲಿ ಮೂರನೇ ರಜೆ. ಆಫೀಸಿನವರು ಇವರೇ ತೀರಿಕೊಂಡರೇನೋ ಎಂದು ಗಾಬರಿಯಾದರು. ಡಬ್ಬಿಗಳೆಲ್ಲ ಮೇಜಿನ ಮೇಲೆ ಬಂದವು. ಆದರೆ ಈ ಪ್ರಶ್ನೆ ಚೀಟಿಗಳಲ್ಲಿರಲಿಲ್ಲ. ಒಂದು ಮತದಲ್ಲಿ ಹುಟ್ಟಿ, ಇನ್ನೊಂದಕ್ಕೆ ಅರ್ಧ ಮನಸ್ಸಿನಿಂದ ಹೋಗಿ, ಅಲ್ಲಿಯ ಕ್ಷಮೆಯನ್ನು ನಂಬಲಾರದೆ ಇಲ್ಲಿಯ ಪಾಪಪುಣ್ಯ ತೂಗುವ ತಕ್ಕಡಿಗೆ ಹೆದರುವ ಜೀವಕ್ಕೆ ಯಾವ ಕಡೆಯ ನಿಯಮ ಅನ್ವಯ? ಎರಡು ಬೇರೆ ಕಾರ್ಖಾನೆಗಳ ತಗಡು ಸೇರಿಸಿ ಬೆಸೆದ ಬಾಯ್ಲರೊಂದನ್ನು ಅವರು ಹಿಂದೆ ನೋಡಿದ್ದರು. ಅದನ್ನು ಫೇಲ್ ಮಾಡಿದ್ದರು.

ಆದ್ದರಿಂದ ಮೊದಲು ಅಗ್ನಿಗೃಹದ ಗುರುಗಳ ಹತ್ತಿರ ಹೋದರು. ಗುರುಗಳು ಬೆಳಿಗ್ಗೆ ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಪವಿತ್ರಾಗ್ನಿಗೆ ಸೌದೆ ಇಡುವರು. ಮಧ್ಯಾಹ್ನದ ಮೇಲೆ ಅದೇ ಬಟ್ಟೆ ಮಡಚಿ ಜೇಬಿನಲ್ಲಿಟ್ಟು ವಿಮಾ ಕಂಪನಿಯಲ್ಲಿ ಗುಮಾಸ್ತಗಿರಿ ಮಾಡುವರು. ಹನ್ನೊಂದು ಮನೆಗಳ ಕಾಣಿಕೆಯಲ್ಲಿ ದೇವರ ಬೆಂಕಿ ಉರಿಯುತ್ತಿತ್ತು, ಗುರುಗಳ ಒಲೆ ಉರಿಯುತ್ತಿರಲಿಲ್ಲ. ಸಾಹೇಬರು ಹೆಸರು ಹೇಳದೆ, 'ಒಬ್ಬ ವ್ಯಕ್ತಿ' ಎಂದು ಶುರುಮಾಡಿದರು. ಗುರುಗಳು, ನಿಮ್ಮ ಅಕ್ಕ ತಾನೇ ಎಂದರು. ಅವಳು ಹೆಸರು ತೆಗೆಸಿಕೊಂಡವಳು, ಪಾಲಿಸಿ ನಿಂತುಹೋಗಿ ಮೂವತ್ತೆಂಟು ವರ್ಷವಾಯಿತು, ಈಗ ಕ್ಲೇಮು ಕೇಳಿದರೆ ಹೇಗೆ ಎಂದು ನಕ್ಕರು. ಸಾಹೇಬರು ನಗಲಿಲ್ಲ. ಗುರುಗಳು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

"ತಕ್ಕಡಿ ಹಿಡಿದೋನು ಯಾರ ಹೆಸರೂ ಕೇಳಲ್ಲ, ಬರೀ ಮುಳ್ಳು ನೋಡ್ತಾನೆ ಅಂತ ನಮ್ಮ ತಂದೆಯವರು ಹೇಳ್ತಿದ್ರು," ಎಂದರು. "ಮುಳ್ಳು ಎತ್ತ ವಾಲಿದ್ರೂ, ಕೊನೆಗೆ ಒಂದು ದಿನ ಕರಗಿದ ಲೋಹದ ಹೊಳೆ ಹರಿಯತ್ತಂತೆ. ಎಲ್ರೂ ಅದರಲ್ಲಿ ಇಳೀಬೇಕು. ಒಳ್ಳೆಯವರಿಗೆ ಬೆಚ್ಚಗಿನ ಹಾಲಿನ ಹಾಗೆ, ಉಳಿದೋರಿಗೆ ಉರಿ. ಆದ್ರೆ ಉರಿದು ಸ್ವಚ್ಛ ಆಗಿ ಎಲ್ರೂ ಆ ದಡಕ್ಕೆ ಬರ್ತಾರೆ. ಒಬ್ಬರನ್ನೂ ಬಿಟ್ಟು ಬರಲ್ಲ. ಇದನ್ನ ನಾನು ಹೇಳ್ದೆ ಅಂತ ಬರೀಬೇಡಿ, ಕಮಿಟಿಯವರು ಸುಮ್ನಿರಲ್ಲ."

ಸಾಹೇಬರು ಚೀಟಿಯಲ್ಲಿ 'ಹೆಸರು ಹೇಳಲಿಚ್ಛಿಸದ ವಿದ್ವಾಂಸರೊಬ್ಬರ ಪ್ರಕಾರ' ಎಂದು ಬರೆದುಕೊಂಡರು. ಬೀದಿಗೆ ಇಳಿದ ಮೇಲೆ ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ಪಾದ್ರಿ ಚಿಕ್ಕ ವಯಸ್ಸಿನವರು, ದೊಡ್ಡ ದನಿಯವರು, ಸದಾ ಇನ್ನೆಲ್ಲಿಗೋ ಹೊರಟವರು. ಚರ್ಚಿನ ಹಿಂದಿನ ಕೋಣೆಯಲ್ಲಿ ಮಡಚುವ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಸಾಹೇಬರ ಕೈಗೂ ಎರಡು ಕುರ್ಚಿ ಕೊಟ್ಟರು. ನಿಮ್ಮ ಅಕ್ಕ ನನಗೆ ಏನು ಹೇಳಿದರೆಂದು ನಾನು ಹೇಳುವ ಹಾಗಿಲ್ಲ, ಆದರೆ ಅದು ಮುಗಿದ ವಿಷಯ ಎಂದರು. ಮನುಷ್ಯ ತಾನೇ ಗಳಿಸಿ ಸ್ವರ್ಗಕ್ಕೆ ಹೋಗುವುದಾದರೆ ಒಬ್ಬನೂ ಹೋಗಲಾರ. ಅದಕ್ಕೇ ಅದನ್ನು ಕೊಟ್ಟುಬಿಟ್ಟಿದ್ದಾರೆ, ತೆಗೆದುಕೊಳ್ಳುವುದೊಂದೇ ನಮ್ಮ ಕೆಲಸ ಎಂದರು. ಕ್ಷಮೆ ಪೂರ್ತಿಯೋ ಭಾಗಶಃವೋ ಎಂದು ಸಾಹೇಬರು ಕುರ್ಚಿ ಹಿಡಿದುಕೊಂಡೇ ಕೇಳಿದರು.

"ಮಳೆ ಭಾಗಶಃ ಒದ್ದೆ ಮಾಡತ್ತಾ ಸಾರ್?"

ಕೊಡೆ ಹಿಡಿದವರ ಗತಿ ಏನು ಎಂದರು ಸಾಹೇಬರು. ಈ ಪ್ರತ್ಯುತ್ತರ ಅವರಿಗೇ ಬಹಳ ಮೆಚ್ಚುಗೆಯಾಯಿತು. ಗ್ರಂಥದಲ್ಲಿ ಎಲ್ಲಾದರೂ ಸೇರಿಸಬೇಕೆಂದುಕೊಂಡರು. ಪಾದ್ರಿ ಮಾತ್ರ ಕುರ್ಚಿ ಪೇರಿಸುವುದನ್ನು ನಿಲ್ಲಿಸಿದರು.

"ಕೊಡೆ ಮಡಚಬೇಕು ಸಾರ್, ಅಷ್ಟೇ. ನಿಮ್ಮ ಅಕ್ಕಂಗೆ ಅದೇ ಆಗ್ತಿಲ್ಲ. ನಾನು ಹೇಳಿದ್ರೆ ಅವರಿಗೆ ಇದು ನನ್ನ ಡ್ಯೂಟಿ ಅನ್ಸತ್ತೆ. ನೀವು ಒಂದು ಮಾತು ಹೇಳಿದ್ರೆ ನಂಬ್ತಾರೆ. ನನ್ನ ತಮ್ಮ ಸುಮ್ಮನೆ ಹೇಳೋನಲ್ಲ ಅಂತ ನನ್ನ ಹತ್ರಾನೇ ನೂರು ಸಲ ಹೇಳಿದ್ದಾರೆ."

ಸಾಹೇಬರು ಹಿಗ್ಗಿದರು. ಮನೆಗೆ ಹೋಗಿ ಇನ್ನಷ್ಟು ಎಚ್ಚರಿಕೆಯಿಂದ ಬರೆಯಲು ಕುಳಿತರು.

ಒಂಬತ್ತು ದಿನ ಬರೆದರು. ಮಗಳು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಅಮ್ಮ ಕೇಳುತ್ತಿದ್ದಾಳೆ, ಬಂದು ಹೋಗಿ ಮಾಮ ಎನ್ನುವಳು. ಕರಡು ಇನ್ನೂ ಆಗಿಲ್ಲ ಎನ್ನುವರು ಇವರು. ಕರಡು ಯಾವುದರದ್ದೆಂದು ಅವಳಿಗೆ ಗೊತ್ತಿರಲಿಲ್ಲ. ಮಾಮನಿಗೆ ಆಫೀಸಿನ ಕೆಲಸ ಹೆಚ್ಚಾಗಿದೆ ಎಂದು ತಾಯಿಗೆ ಹೇಳುತ್ತಿದ್ದಳಂತೆ. ಐದನೇ ದಿನ ಅಮ್ಮ ಗಂಜಿ ಬಿಟ್ಟಳು ಎಂದಳು. ಸಾಹೇಬರು ಆ ದಿನ 'ಪಶ್ಚಾತ್ತಾಪದ ವ್ಯಾಖ್ಯೆ' ಮುಗಿಸಿದ್ದರು. ಏಳನೇ ದಿನ ಅಮ್ಮನಿಗೆ ಮಧ್ಯೆ ಮಧ್ಯೆ ಎಚ್ಚರ ತಪ್ಪುತ್ತಿದೆ ಎಂದಳು. ಸಾಹೇಬರು ಎರಡು ಸಾಲು ಹೊಡೆದುಹಾಕಿ ಮತ್ತೆ ಬರೆದರು. ಬೇಗ ಬೇಗ ಬರೆದರೆ ತಪ್ಪಾದೀತು ಎಂಬ ಭಯ, ತಡವಾದರೆ ಓದಲು ಯಾರೂ ಇರಲಾರರು ಎಂಬ ಭಯ. ಇವೆರಡರ ನಡುವೆ ಅವರು ಊಟ ಬಿಟ್ಟರು, ಗಡ್ಡ ಬಿಟ್ಟರು, ಅಡಿಟಿಪ್ಪಣಿ ಮಾತ್ರ ಬಿಡಲಿಲ್ಲ.

ಹತ್ತನೇ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ, ಕ್ಷೌರ ಮಾಡಿಕೊಂಡು, ಹನ್ನೊಂದು ಪುಟ ಹಿಡಿದುಕೊಂಡು ಅಕ್ಕನ ಮನೆ ಮೆಟ್ಟಿಲು ಹತ್ತಿದರು.

ಅಕ್ಕ ಎಚ್ಚರವಾಗಿದ್ದಳು. ಮುಖ ಅಂಗೈಯಷ್ಟಾಗಿತ್ತು. ತಮ್ಮನ ಕೈಯಲ್ಲಿ ಕಾಗದ ನೋಡಿ ಅವಳ ಕಣ್ಣು ಅರಳಿತು. ಮಗಳಿಗೆ ದಿಂಬು ಎತ್ತರಿಸಲು ಹೇಳಿದಳು. ಆಮೇಲೆ, ನೀನು ಸ್ವಲ್ಪ ಆಚೆ ಇರಮ್ಮ ಎಂದಳು.

ಸಾಹೇಬರು ಕನ್ನಡಕ ಹಾಕಿಕೊಂಡು ಮೊದಲನೇ ಪುಟದ ಮೊದಲನೇ ಸಾಲಿನಿಂದ ಓದಿದರು. ಮೊದಲ ಎರಡು ಪುಟ ಮುಕ್ತಿ ಎಂಬ ಪದದ ವ್ಯಾಪ್ತಿ. ಅಲ್ಲಿಂದ ಮುಂದೆ ಸೇತುವೆ, ತಕ್ಕಡಿ. ಅದರ ಮುಳ್ಳು ಅರಸನಿಗೂ ಭಿಕ್ಷುಕನಿಗೂ ಕೂದಲೆಳೆಯಷ್ಟೂ ಭೇದ ಮಾಡುವುದಿಲ್ಲ ಎಂಬುದು. ಜೀವ ಮಾಡಿದ ಕರ್ಮವೆಲ್ಲ ಒಬ್ಬ ಹೆಣ್ಣಾಗಿ ಸೇತುವೆಯ ಹತ್ತಿರ ಎದುರು ಬರುತ್ತದೆ ಎಂಬುದು. ಇದನ್ನು ಓದುವಾಗ ಅಕ್ಕನ ಬೆರಳು ಹೊದಿಕೆಯ ಅಂಚನ್ನು ಹಿಡಿದುಕೊಂಡಿತು. ಎದುರು ಬರುವ ಹೆಣ್ಣಿಗೆ ವಯಸ್ಸೆಷ್ಟು ಎಂದು ಅವಳು ಕೇಳಿದಳು. ಅದಕ್ಕೆ ಸ್ಪಷ್ಟ ಆಧಾರವಿಲ್ಲ ಎಂದು ಇವರು ಹೇಳಿ ಮುಂದಕ್ಕೆ ಓದಿದರು. ಒಳಿತು ಕೆಡುಕು ಸಮವಾದವರು ನಡುವಿನ ಜಾಗದಲ್ಲಿ ಚಳಿ ಸೆಕೆ ಮಾತ್ರ ಅನುಭವಿಸುತ್ತ ಕಾಯುತ್ತಾರೆ. ಆರನೇ ಪುಟದಿಂದ ಇನ್ನೊಂದು ಮಾರ್ಗ: ಅಲ್ಲಿ ತಕ್ಕಡಿ ಇದ್ದರೂ ಒಂದು ತಟ್ಟೆಯಲ್ಲಿ ಇನ್ನೊಬ್ಬರು ತಾವೇ ಬಂದು ಕೂತಿದ್ದಾರೆ, ಆದರೆ ಅದನ್ನು ನಂಬಬೇಕು, ನಂಬಿಕೆ ಅರ್ಧವಾದರೆ ಏನೆಂಬ ಬಗ್ಗೆ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ. ಭಿನ್ನಾಭಿಪ್ರಾಯ ಮೂರು ಪುಟ.

ಓದಿ ಮುಗಿಯುವಾಗ ಮುಕ್ಕಾಲು ಗಂಟೆಯಾಗಿತ್ತು. ಅಕ್ಕ ಕಣ್ಣು ಮುಚ್ಚಿದ್ದಳು. ನಿದ್ದೆ ಹೋಗಿದ್ದಾಳೆಂದುಕೊಂಡರು.

"ಮುಗೀತಾ?" ಎಂದಳು.

"ಮುಗೀತು ಅಕ್ಕ."

"ಒಟ್ಟು ಹೌದೋ ಅಲ್ವೋ?"

"ಸಿಕ್ಕಿರೋ ಆಧಾರದಿಂದ ಖಚಿತವಾಗಿ ಹೇಳೋಕೆ ಬರಲ್ಲ."

"ಅದು ಬಿಡು. ನಿನಗೇನು ಅನ್ಸತ್ತೆ?"

ಸಾಹೇಬರು ಪುಟಗಳನ್ನು ಮಂಡಿಯ ಮೇಲೆ ತಟ್ಟಿ ಅಂಚು ಸರಿಮಾಡಿದರು. "ನನಗೆ ಅನ್ಸೋದು ಪ್ರಮಾಣ ಆಗಲ್ಲ ಅಕ್ಕ," ಎಂದರು.

ಅಕ್ಕ ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡಿದಳು. ಸಿಟ್ಟಿರಲಿಲ್ಲ. ಆರು ವರ್ಷದ ತಮ್ಮ ಮಗ್ಗಿಯನ್ನು ಹೇಗೆ ಹೇಳಿಕೊಟ್ಟರೂ ಕಲಿಯದೆ ಇದ್ದಾಗ ನೋಡುತ್ತಿದ್ದ ಹಾಗೆ ನೋಡಿದಳು.

"ಆಯ್ತು ಬಿಡು," ಎಂದಳು. "ಎಷ್ಟು ಸೊರಗಿದ್ದೀಯ. ಊಟ ಮಾಡ್ಕೊಂಡು ಹೋಗು."

ಎಂದು ಗೋಡೆಯ ಕಡೆಗೆ ಹೊರಳಿದಳು. ಹೊರಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಸಾಹೇಬರು ಸಹಾಯಕ್ಕೆ ಕೈ ಚಾಚಿದರು. ಎಲ್ಲಿ ಮುಟ್ಟಿದರೆ ನೋಯುತ್ತದೋ ಗೊತ್ತಾಗದೆ ಹಾಗೇ ಹಿಂದಕ್ಕೆ ತೆಗೆದುಕೊಂಡರು. ಅಡುಗೆಮನೆಯಲ್ಲಿ ಕುಳಿತು ಊಟ ಮಾಡಿದರು. ಹೊಟ್ಟೆ ಹಸಿದಿತ್ತು, ಎರಡು ಸಲ ಬಡಿಸಿಕೊಂಡರು.

ಆಮೇಲೆ ಅಕ್ಕ ಯಾರ ಜೊತೆಗೂ ಮಾತಾಡಲಿಲ್ಲ. ಪಾದ್ರಿ ಬಂದು ಪ್ರಾರ್ಥನೆ ಮಾಡಿದರು. ಗೋಡೆಯ ಕಡೆಗೇ ಇದ್ದಳು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಮಗಳು ಒದ್ದೆ ಬಟ್ಟೆಯಿಂದ ಬೆನ್ನು ಒರೆಸುತ್ತಿದ್ದಾಗ ಹೋದಳು. ಹೊದಿಕೆಯ ಅಂಚನ್ನು ಹಿಡಿದಿದ್ದ ಬೆರಳನ್ನು ಒಂದೊಂದಾಗಿ ಬಿಡಿಸಬೇಕಾಯಿತಂತೆ.

ಚರ್ಚಿನ ಸ್ಮಶಾನದಲ್ಲಿ ಬಡಗಿ ಭಾವನ ಪಕ್ಕದಲ್ಲಿ ಮಣ್ಣು ಮಾಡಿದರು. ಪಾದ್ರಿ ಚೆನ್ನಾಗಿ ಮಾತಾಡಿದರು. ಈಕೆ ತಂದೆಯ ಮಡಿಲು ಸೇರಿದ್ದಾಳೆ, ಇದರಲ್ಲಿ ಎಳ್ಳಷ್ಟೂ ಸಂಶಯವಿಲ್ಲ ಎಂದರು. ಅಷ್ಟು ಖಂಡಿತವಾಗಿ ಹೇಳುವವರನ್ನು ಸಾಹೇಬರು ಮೊದಲ ಸಲ ಹೊಟ್ಟೆಕಿಚ್ಚಿನಿಂದ ನೋಡಿದರು. ಗುರುಗಳು ಸ್ಮಶಾನದೊಳಕ್ಕೆ ಬರಲಿಲ್ಲ. ರಸ್ತೆಯ ಆಚೆ ಬಸ್ ಸ್ಟಾಪಿನಲ್ಲಿ, ಮೂರು ಬಸ್ಸು ಬಂದು ಹೋದರೂ ಹತ್ತದೆ ನಿಂತಿದ್ದರು.

ಸಾಹೇಬರ ಧರ್ಮದ ಪ್ರಕಾರ ಜೀವ ಮೂರು ದಿನ ದೇಹದ ತಲೆಯ ಹತ್ತಿರವೇ ಕುಳಿತಿರುತ್ತದೆ. ನಾಲ್ಕನೇ ದಿನದ ಸೂರ್ಯೋದಯಕ್ಕೆ ಸೇತುವೆಯ ಕಡೆಗೆ ಹೊರಡುತ್ತದೆ. ಮತ ಬಿಟ್ಟವರ ಜೀವ, ಮಣ್ಣಿಗೆ ಹೋದ ದೇಹದ ಜೀವ ಎಲ್ಲಿ ಕುಳಿತಿರುತ್ತದೆ ಎಂಬುದು ಯಾವ ಚೀಟಿಯಲ್ಲೂ ಇರಲಿಲ್ಲ. ಆದರೂ ಅವರು ಮೂರು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಅಕ್ಕನ ಖಾಲಿ ಮಂಚದ ತಲೆದೆಸೆಯಲ್ಲಿ, ಅದೇ ಕುರ್ಚಿಯಲ್ಲಿ ಕುಳಿತರು. ಏನಾದರೂ ಹೇಳಬೇಕೆನ್ನಿಸುತ್ತಿತ್ತು. ಅವಳು ಇಲ್ಲಿ ಇದ್ದಾಳೆಂಬುದು ಖಚಿತವಿಲ್ಲದೆ ಹೇಗೆ ಹೇಳುವುದು ಎಂದು ಬಾಯಿ ಮುಚ್ಚಿಕೊಂಡು ಕುಳಿತಿದ್ದರು. ಮಗಳು ಹೊತ್ತು ಹೊತ್ತಿಗೆ ಚಹಾ ತಂದಿಟ್ಟಳು. ಮಾಮ ಇಷ್ಟು ಹಚ್ಚಿಕೊಂಡಿದ್ದರೆಂದು ಗೊತ್ತೇ ಇರಲಿಲ್ಲ ಎಂದು ಪಕ್ಕದ ಮನೆಯವರಿಗೆ ಹೇಳಿದಳಂತೆ.

ನಾಲ್ಕನೇ ದಿನ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಅವಳು ಮಂಚದ ಹಾಸಿಗೆ ಎತ್ತಲು ಬಂದಳು. ದಿಂಬಿನ ಕೆಳಗೆ ಹನ್ನೊಂದು ಪುಟಗಳಿದ್ದವು. ಓದಿದ ದಿನ ಸಾಹೇಬರು ಮಂಚದ ಮೇಲೇ ಬಿಟ್ಟು ಊಟಕ್ಕೆ ಎದ್ದಿದ್ದರು. ಅಕ್ಕ ತೆಗೆದು ದಿಂಬಿನಡಿ ಇಟ್ಟುಕೊಂಡಿರಬೇಕು. ಮಗಳು ಮಂಚದ ಅಂಚಿನಲ್ಲಿ ಕುಳಿತು ಓದಿದಳು. ಮೊದಲ ಪುಟಗಳನ್ನು ಬೇಗ ಬೇಗ ಮಗುಚಿದಳು. ಅಲ್ಲೊಂದು ಕಡೆ ನಿಂತಳು.

"ಇದು ಏನು ಮಾಮ, ಕೆಳಗೆ ಸಣ್ಣಕ್ಷರದಲ್ಲಿ?"

ಐದನೇ ಪುಟದ ಕೊನೆ. ಗೆರೆಯ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಹೀಗಿತ್ತು: 'ಅಂತ್ಯಕಾಲದಲ್ಲಿ ಸಮಸ್ತ ಜೀವಿಗಳೂ ಕರಗಿದ ಲೋಹದ ಪ್ರವಾಹದಲ್ಲಿ ಶುದ್ಧಿಗೊಂಡು ದಡ ಸೇರುವವೆಂದೂ, ಯಾವುದೇ ಜೀವ ಶಾಶ್ವತವಾಗಿ ಹೊರಗುಳಿಯದೆಂದೂ ಒಂದು ಬಲವಾದ ಪರಂಪರೆ ಇದೆ. ಹೆಸರು ಹೇಳಲಿಚ್ಛಿಸದ ವಿದ್ವಾಂಸರೊಬ್ಬರೂ ಇದನ್ನು ಸಮರ್ಥಿಸಿದ್ದಾರೆ. ಹೆಚ್ಚಿನ ಪರಿಶೀಲನೆ ಅಗತ್ಯ.'

"ಅಂದ್ರೆ ಎಲ್ರೂ ಸೇರ್ತಾರೆ ಅಂತ ತಾನೆ?" ಎಂದಳು ಮಗಳು. "ಯಾರೇ ಆಗ್ಲಿ, ಏನೇ ಮಾಡಿರ್ಲಿ."

"ಹಾಗೊಂದು ಪರಂಪರೆ ಇದೆ."

"ಅಮ್ಮಂಗೆ ಓದಿದ್ರಾ ಇದನ್ನ?"

ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಅದು ಟಿಪ್ಪಣಿ," ಎಂದರು. "ಗಟ್ಟಿಯಾಗಿ ಓದುವಾಗ ಟಿಪ್ಪಣಿ ಓದಲ್ಲ."

ಮಗಳು ಆ ಸಾಲುಗಳನ್ನು ಮತ್ತೊಮ್ಮೆ ಓದಿದಳು. ಅವಳಿಗೆ ಕತ್ತರಿಯ ಕಥೆ ಗೊತ್ತಿರಲಿಲ್ಲ. ಹನ್ನೊಂದು ಪುಟದಲ್ಲಿ ಎಲ್ಲೂ ಅದರ ಹೆಸರಿರಲಿಲ್ಲ, 'ಉದಾಹರಣೆಗೆ ಒಬ್ಬ ವ್ಯಕ್ತಿ' ಎಂದಿತ್ತು. ಆದರೆ ತಾಯಿ ಎರಡು ದಿನ ಗೋಡೆ ನೋಡಿಕೊಂಡು ಮಲಗಿದ್ದು ಅವಳಿಗೆ ಗೊತ್ತಿತ್ತು. ಅಮ್ಮನಿಗೆ ಕೊನೆಗೆ ಕಣ್ಣು ಮಂಜಾಗಿತ್ತು ಮಾಮ, ಮಾತ್ರೆಯ ಬಣ್ಣವೂ ಗೊತ್ತಾಗುತ್ತಿರಲಿಲ್ಲ, ಇಷ್ಟು ಸಣ್ಣದು ಅವಳಿಗೆ ಕಂಡಿರುವುದಿಲ್ಲ ಎಂದು ಮಾತ್ರ, ತನಗೇ ಹೇಳಿಕೊಂಡ ಹಾಗೆ, ಹೇಳಿದಳು. ಪುಟಗಳನ್ನು ಜೋಡಿಸಿ ಸಾಹೇಬರ ಮಂಡಿಯ ಮೇಲಿಟ್ಟು, ಹಾಸಿಗೆ ಸುತ್ತತೊಡಗಿದಳು.

ಸಾಹೇಬರು ಕಿಟಕಿಯ ಕಡೆ ನೋಡಿದರು. ಬಿಸಿಲು ಎದುರು ಮನೆಯ ಗೋಡೆಯಿಂದ ಇಳಿದು ರಸ್ತೆಗೆ ಬಂದಿತ್ತು. ಸೂರ್ಯ ಹುಟ್ಟಿ ಮೂರು ಗಂಟೆಯಾಗಿತ್ತು. ಯಾವ ಆಧಾರದ ಪ್ರಕಾರ ನೋಡಿದರೂ ಅವಳು ಈಗ ಈ ಕೋಣೆಯಲ್ಲಿರಲಿಲ್ಲ. ಇದೊಂದು ವಿಷಯದಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಹೇಳಿದ ಸುಳ್ಳಿಗೆ ತೂಕವೆಷ್ಟು ಎಂಬುದಕ್ಕೆ ಅವರ ಬಳಿ ನಲವತ್ತು ಚೀಟಿಗಳಿದ್ದವು. ಬಾಯಲ್ಲಿದ್ದ ನಿಜವನ್ನು ಗೆರೆಯ ಕೆಳಗೆ ಬರೆದಿಟ್ಟವನಿಗೆ ತೂಕವೆಷ್ಟು ಎಂಬುದಕ್ಕೆ ಒಂದೂ ಇರಲಿಲ್ಲ. ಎದುರು ಬರುವ ಹೆಣ್ಣಿಗೆ ವಯಸ್ಸೆಷ್ಟೆಂದು ಅಕ್ಕ ಕೇಳಿದ್ದು ಏಕೆಂದು ಈಗ ಹೊಳೆಯಿತು. ಅವಳಿಗೆ ಹದಿನಾಲ್ಕು, ಕತ್ತರಿಯ ಹುಡುಗಿಯಷ್ಟೇ, ಎಂದು ಅಕ್ಕನಿಗೆ ಮೊದಲೇ ಗೊತ್ತಿತ್ತು. ಅಲ್ಲ ಎನ್ನುವ ಒಬ್ಬರು ಬೇಕಾಗಿತ್ತು ಅಷ್ಟೇ.

"ಮಾಮ, ಒಂದು ಕಡೆ ಹಿಡ್ಕೊಳ್ಳಿ," ಎಂದಳು ಮಗಳು.

ಅವರು ಎದ್ದು ಹಾಸಿಗೆಯ ಸುರುಳಿಯ ಒಂದು ತುದಿ ಹಿಡಿದುಕೊಂಡರು. ಮಂಡಿಯ ಮೇಲಿದ್ದ ಪುಟಗಳು ನೆಲಕ್ಕೆ ಬಿದ್ದವು. ಇಬ್ಬರೂ ಅವನ್ನು ದಾಟಿಕೊಂಡು, ಹಾಸಿಗೆಯನ್ನು ಮೆಟ್ಟಿಲ ಕಡೆಗೆ ಒಯ್ದರು. ತಿರುವಿನಲ್ಲಿ ಅದು ಸಿಕ್ಕಿಕೊಂಡಿತು. ಮಗಳು ಕೆಳಗಿನಿಂದ, ನಿಮ್ಮ ಕಡೆ ಸ್ವಲ್ಪ ಎತ್ತಿ ಎಂದಳು. ಸಾಹೇಬರು ಎತ್ತಿದರು. ಎತ್ತಿ ಹಿಡಿದುಕೊಂಡೇ, "ಇದೆ," ಎಂದರು.

"ಏನು ಮಾಮ?"

"ದಾರಿ ಇದೆ ಅಂತ."

"ಇಲ್ಲ, ಇನ್ನೂ ಸಿಕ್ಕೊಂಡಿದೆ," ಎಂದಳು ಅವಳು. "ಇನ್ನೊಂಚೂರು ಎತ್ತಿ."